ಮಧ್ಯ ಏಷ್ಯಾದ ಹುಲ್ಲುಗಾವಲಿನ ತುರ್ಕರು ತಮ್ಮ ಇತಿಹಾಸವನ್ನು ಬರೆದಿಡಲಿಲ್ಲ ಎಂದ ಮೇಲೆ ಅವರ ಬಗ್ಗೆ ಬರೆಯುವ ಪೀಟರ್ ಗೋಲ್ಡನ್ ಅಂಥ ಇತಿಹಾಸಕಾರರ ಮಾತನ್ನು ನಂಬುವುದು ಹೇಗೆ?

ನಿಮ್ಮ ಅನುಮಾನ ನ್ಯಾಯವಾದದ್ದೇ, ಆದರೆ ಒಂದು ತಿದ್ದುಪಡಿ ಬೇಕು. ತುರ್ಕರು ಏನನ್ನೂ ಬರೆಯಲಿಲ್ಲ ಎನ್ನುವಂತಿಲ್ಲ. ಮಂಗೋಲಿಯಾದ ಓರ್ಖೋನ್ ಕಣಿವೆಯಲ್ಲಿ 8ನೇ ಶತಮಾನದ ಶಾಸನಗಳು ನಿಂತಿವೆ. ಕುಲ್ ತೆಗಿನ್ ಎಂಬ ರಾಜಕುಮಾರನ ನೆನಪಿಗೆ 732ರಲ್ಲಿ ನಿಲ್ಲಿಸಿದ ಕಲ್ಲಿನಲ್ಲಿ ಅವನ ಅಣ್ಣ ಬಿಲ್ಗೆ ಖಗಾನ್ (ಖಗಾನ್ ಎಂದರೆ ದೊರೆ) ತನ್ನ ಪ್ರಜೆಗಳನ್ನೇ ಗದರಿಸುತ್ತಾನೆ: ಚೀನಿಯರ ಸವಿಮಾತಿಗೂ ರೇಷ್ಮೆಗೂ ಮರುಳಾಗಿ ಹಾಳಾದಿರಿ ಎಂದು. ಡೆನ್ಮಾರ್ಕಿನ ವಿಲ್ಹೆಲ್ಮ್ ಥಾಮ್ಸೆನ್ 1893ರಲ್ಲಿ ಆ ಲಿಪಿಯನ್ನು ಬಿಡಿಸಿದರು.

ಓರ್ಖೋನ್ ಬಿಟ್ಟು ಪಶ್ಚಿಮಕ್ಕೆ ಬಂದರೆ ನಿಮ್ಮ ಪ್ರಶ್ನೆಗೆ ಬಲ ಬರುತ್ತದೆ. ವೋಲ್ಗಾ ನದಿಯ ಕೆಳಹರಿವಿನಲ್ಲಿ ಸುಮಾರು 650ರಿಂದ 965ರವರೆಗೆ ಆಳಿದ ಖಜಾರರೆಂಬ ತುರ್ಕಿ ಜನರಿಂದ ನಮಗೆ ಸಿಕ್ಕಿರುವುದು ತೀರ ಅಲ್ಪ: ಯಹೂದಿ ಧರ್ಮ ಒಪ್ಪಿದ್ದ ಅವರ ರಾಜಮನೆತನದ ದೊರೆ ಜೋಸೆಫ್ ಸ್ಪೇನಿನ ಯಹೂದಿ ಮಂತ್ರಿಯೊಬ್ಬನಿಗೆ ಹೀಬ್ರೂವಿನಲ್ಲಿ ಬರೆದನೆನ್ನುವ ಪತ್ರ, ಅಂಥವೇ ಒಂದೆರಡು ದಾಖಲೆ. ಉಳಿದದ್ದೆಲ್ಲ ಪರರ ಮಾತು. ಬರೆದವರು ವ್ಯಾಪಾರಿಗಳು, ರಾಯಭಾರಿಗಳು, ಪಾದ್ರಿಗಳು, ಖಜಾರರ ಕೈಯಲ್ಲಿ ಪೆಟ್ಟು ತಿಂದವರು. ಅಮೆರಿಕದ ರಟ್ಗರ್ಸ್ ವಿಶ್ವವಿದ್ಯಾಲಯದಲ್ಲಿ ಬಹುಕಾಲ ಕಲಿಸಿದ ಗೋಲ್ಡನ್ ಕೆಲಸಕ್ಕಿಳಿದದ್ದು ಇಲ್ಲೇ. ಅರಬ್ಬಿ, ಗ್ರೀಕ್, ಹೀಬ್ರೂ, ಹಳೆಯ ರಷ್ಯನ್, ಕಾಕಸಸ್ ಪ್ರದೇಶದ ಮೂಲಗಳನ್ನು ಒಟ್ಟಿಗೆ ಹರಡಿಕೊಂಡು ಖಜಾರರ ಬಗ್ಗೆ ಅವರು ಬರೆದ ಎರಡು ಸಂಪುಟಗಳು 1980ರಲ್ಲಿ ಬುಡಾಪೆಸ್ಟಿನಿಂದ ಬಂದವು.

ಈ ವಿಧಾನ ಹೇಗೆ ಕೆಲಸ ಮಾಡುತ್ತದೆ ಎನ್ನುವುದಕ್ಕೆ ನನಗೆ ಬಹಳ ಇಷ್ಟವಾದ ಒಂದು ಉದಾಹರಣೆ ಇದೆ. 10ನೇ ಶತಮಾನದ ಭೂಗೋಳಕಾರ ಇಸ್ತಖ್ರಿ ಖಜಾರರ ಪಟ್ಟಾಭಿಷೇಕವನ್ನು ವರ್ಣಿಸುತ್ತಾನೆ. ಹೊಸ ಖಗಾನನ ಕೊರಳಿಗೆ ರೇಷ್ಮೆ ಬಿಗಿದು ಇನ್ನೇನು ಉಸಿರು ನಿಲ್ಲಬೇಕು ಎನ್ನುವಾಗ ಎಷ್ಟು ವರ್ಷ ಆಳುತ್ತೀಯೆ ಎಂದು ಕೇಳುತ್ತಾರಂತೆ. ಹೇಳಿದ ಅವಧಿ ಮುಗಿದರೂ ಸಾಯದಿದ್ದರೆ ಕೊಲ್ಲುತ್ತಾರಂತೆ. ಒಬ್ಬನೇ ಲೇಖಕನ ಇಂಥ ಕಥೆಯನ್ನು ಕಟ್ಟುಕಥೆ ಎಂದು ಬದಿಗಿಡಬಹುದಿತ್ತು. ಆದರೆ 636ರಲ್ಲಿ ಸಿದ್ಧವಾದ ಚೀನಾದ ಉತ್ತರ ಝೌ ರಾಜವಂಶದ ಇತಿಹಾಸದಲ್ಲಿ ಮಂಗೋಲಿಯಾದ ತುರ್ಕರ ಬಗ್ಗೆ ಇಂಥದ್ದೇ ಇದೆ. ಹೊಸ ದೊರೆಯನ್ನು ಕಂಬಳಿಯಲ್ಲಿ ಹೊತ್ತು ಸೂರ್ಯ ಚಲಿಸುವ ದಿಕ್ಕಿನಲ್ಲಿ ಒಂಬತ್ತು ಸುತ್ತು ಹಾಕಿಸಿ, ಕುದುರೆ ಹತ್ತಿಸಿ, ಆಮೇಲೆ ರೇಷ್ಮೆಯಿಂದ ಕೊರಳು ಬಿಗಿದು ಅದೇ ಪ್ರಶ್ನೆ ಕೇಳುತ್ತಾರೆ. ಅರೆಪ್ರಜ್ಞೆಯಲ್ಲಿ ಅವನು ತೊದಲಿದ್ದನ್ನು ಹಿಡಿದು ಆಳ್ವಿಕೆಯ ಅವಧಿಯನ್ನು ಲೆಕ್ಕ ಹಾಕುತ್ತಾರೆ.

ಚೀನಾದ ಆ ಗ್ರಂಥವನ್ನು ಇಸ್ತಖ್ರಿ ಓದಿರುವ ಸಾಧ್ಯತೆ ಇಲ್ಲವೇ ಇಲ್ಲ. ಹೀಗೆ ಪರಸ್ಪರ ಪರಿಚಯವೇ ಇಲ್ಲದ ಇಬ್ಬರು ಸಾಕ್ಷಿಗಳು ಒಂದೇ ಮಾತು ಹೇಳಿದರೆ ಅದಕ್ಕೆ ತೂಕ ಹೆಚ್ಚು. ಇವೆರಡನ್ನು ಪಕ್ಕಪಕ್ಕ ಇಟ್ಟವರಲ್ಲಿ ಗೋಲ್ಡನ್ ಮೊದಲಿಗರಲ್ಲ. ಅದನ್ನು ಎಷ್ಟು ದೂರ ಎಳೆಯಬಹುದು ಎಂದು ನಿಧಾನವಾಗಿ ಅಳೆದವರು. ಖಜಾರರ ರಾಜಮನೆತನ ತುರ್ಕ್ ಸಾಮ್ರಾಜ್ಯದ ಅಶಿನಾ ಮನೆತನದಿಂದ ಬಂದಿರಬೇಕು ಎನ್ನುವುದರ ಕಡೆಗೆ ಅವರ ಒಲವು. ಆದರೆ ಅಷ್ಟರಿಂದಲೇ ಖಜಾರರೆಲ್ಲರೂ ಆ ವಂಶದವರು ಎನ್ನುವಂತಿಲ್ಲ. ಅವಧಿ ಮುಗಿದ ಮೇಲೆ ಕೊಲ್ಲುವ ಮಾತು ಚೀನೀ ಗ್ರಂಥದಲ್ಲಿ ಇಲ್ಲ ಎನ್ನುವುದನ್ನೂ ಗಮನಿಸಬೇಕು. ಬಾಗ್ದಾದಿನ ರಾಯಭಾರಿ ಇಬ್ನ್ ಫದ್ಲಾನ್ 40 ವರ್ಷದ ಮಿತಿಯನ್ನು ಹೇಳುತ್ತಾನೆ. ಆದರೆ ಅವನು 922ರಲ್ಲಿ ತಲುಪಿದ್ದು ವೋಲ್ಗಾ ಬಲ್ಗಾರರ ನಾಡನ್ನು. ಖಜಾರರದ್ದು ಅವನಿಗೆ ಕೇಳಿದ ಸುದ್ದಿ.

ಇನ್ನೊಂದು ಕಡೆ ಗೋಲ್ಡನ್ ಸಾಮಾನ್ಯ ನಂಬಿಕೆಯನ್ನು ತಿರುವಿ ಹಾಕುತ್ತಾರೆ. ಅಲೆಮಾರಿಗಳು ಬಲಿತರೆ ಸಾಮ್ರಾಜ್ಯ ಕಟ್ಟುತ್ತಾರೆ ಎಂದು ನಾವು ಅಂದುಕೊಂಡಿರುತ್ತೇವೆ. ಕಪ್ಪು ಸಮುದ್ರದಿಂದ ಕಝಾಕ್‌ಸ್ತಾನದವರೆಗೆ ಹರಡಿದ್ದ ಕಿಪ್ಚಾಕರೆಂಬ ತುರ್ಕಿ ಅಲೆಮಾರಿಗಳು ಮಾತ್ರ 11ರಿಂದ 13ನೇ ಶತಮಾನದವರೆಗೂ ರಾಜ್ಯವನ್ನೇ ಕಟ್ಟಲಿಲ್ಲ. ಅದು ಅವರ ಕೊರತೆಯಲ್ಲ, ಅಗತ್ಯ ಬೀಳಲಿಲ್ಲ ಎನ್ನುತ್ತಾರೆ ಅವರು. ಒಡೆದುಹೋಗಿದ್ದ ರಷ್ಯದ ಸಂಸ್ಥಾನಗಳು ಹುಲ್ಲುಗಾವಲನ್ನು ಗೆಲ್ಲುವಷ್ಟು ಗಟ್ಟಿಯಾಗಿರಲಿಲ್ಲ. ದಾಳಿ, ವ್ಯಾಪಾರ, ಮದುವೆ ಸಂಬಂಧಗಳಲ್ಲೇ ಬದುಕು ಸಾಗುತ್ತಿತ್ತು. ಮಂಗೋಲರು ಬಂದಾಗ ಇದರ ಬೆಲೆ ತೆರಬೇಕಾಯಿತು, ಅದು ಬೇರೆ ಮಾತು.

ಇದೇ ಕಿಪ್ಚಾಕರ ಜಾಡು ನಮ್ಮ ಶಾಲಾ ಪುಸ್ತಕಕ್ಕೂ ಬರುತ್ತದೆ. ಗುಲಾಮಿ ಸಂತತಿಯ ಇಲ್ತಮಶ್ ಮತ್ತು ಬಲ್ಬನ್ ಇಬ್ಬರೂ ಇಲ್ಬರಿ ಬುಡಕಟ್ಟಿನವರು ಎಂದು ದೆಹಲಿಯ ಆಸ್ಥಾನ ಇತಿಹಾಸಕಾರ ಮಿನ್ಹಾಜ್ ಬರೆದಿದ್ದಾನೆ. ನಾವು ಅದನ್ನು ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತೆವು. ಗೋಲ್ಡನ್ ಒಂದು ಉದ್ದನೆಯ ಲೇಖನದಲ್ಲಿ ಆ ಒಂದೇ ಬುಡಕಟ್ಟಿನ ಬೆನ್ನು ಹತ್ತಿ ಚೀನಾದ ಯುಆನ್ ರಾಜವಂಶದ ಇತಿಹಾಸ, ರಷ್ಯದ ಹಳೆಯ ದಾಖಲೆ, ದೆಹಲಿಯ ಪರ್ಷಿಯನ್ ಗ್ರಂಥ ಎಲ್ಲವನ್ನೂ ಹೊಕ್ಕು ಬರುತ್ತಾರೆ. ಭಾರತದ ಇತಿಹಾಸವನ್ನು ಓದುವವರು ಇದನ್ನು ಇಷ್ಟು ಕಡಿಮೆ ಗಮನಿಸಿರುವುದು ನನಗೆ ಅಚ್ಚರಿ.

ಬುಡಕಟ್ಟು ಎಂದ ತಕ್ಷಣ ಒಂದೇ ರಕ್ತ ಎಂದು ತಿಳಿಯಬೇಡಿ. ಇವು ರಾಜಕೀಯ ಕೂಟಗಳು. ಗೆದ್ದವನ ಹೆಸರನ್ನು ಸೇರಿದವರೆಲ್ಲ ಇಟ್ಟುಕೊಳ್ಳುತ್ತಿದ್ದರು. ಮಂಗೋಲರ ಪ್ರತಿಷ್ಠೆ ಕಂಡು ಬೇರೆಯವರೂ ತಮ್ಮನ್ನು ಮಂಗೋಲರೆಂದು ಕರೆದುಕೊಳ್ಳತೊಡಗಿದರು ಎಂದು 14ನೇ ಶತಮಾನದ ಆರಂಭದಲ್ಲೇ ಪರ್ಷಿಯಾದ ಇತಿಹಾಸಕಾರ ರಶೀದುದ್ದೀನ್ ಬರೆದಿದ್ದ. ಇಂದಿನ ಯುರೋಪಿನ ಯಹೂದಿಗಳೆಲ್ಲ ಖಜಾರರ ವಂಶಜರು ಎಂದು ಅಂತರ್ಜಾಲದಲ್ಲಿ ಹರಿದಾಡುವ ವಾದಕ್ಕೆ ಆಧಾರವಿಲ್ಲ, ಅದರಲ್ಲಿ ಸಮಯ ಕಳೆಯಬೇಡಿ.

ಇತಿಹಾಸಕಾರರನ್ನೂ ಅನುಮಾನಿಸಿ ಎನ್ನುವುದಾದರೆ ಸೋವಿಯತ್ ಕಾಲದ್ದು ನೋಡಿ. ಖಜಾರರಿಗೆ ಹೆಚ್ಚು ಮನ್ನಣೆ ಕೊಟ್ಟರೆಂದು ಪುರಾತತ್ವಜ್ಞ ಮಿಖಾಯಿಲ್ ಅರ್ತಮೋನೊವ್ ಅವರ ಮೇಲೆ 1951ರಲ್ಲಿ ಕಮ್ಯುನಿಸ್ಟ್ ಪಕ್ಷದ ‘ಪ್ರಾವ್ದಾ’ ಪತ್ರಿಕೆ ಹರಿಹಾಯ್ದಿತ್ತು. ಅವರು ಅಗೆದ ಖಜಾರರ ಸರ್ಕೆಲ್ ಕೋಟೆ ಮರುವರ್ಷವೇ ಅಣೆಕಟ್ಟಿನ ನೀರಿನಡಿ ಸೇರಿತು.

ಗೋಲ್ಡನ್ ಅವರಲ್ಲಿ ನನ್ನ ತಕರಾರು ಒಂದೇ. ಅರಸರು, ಬಿರುದುಗಳು, ಕುಲದ ಹೆಸರುಗಳು ಪುಟದ ತುಂಬ ಇರುತ್ತವೆ. ಕುರಿ ಮೇಯಿಸುವವನು, ಹಾಲು ಕರೆಯುವವಳು ಅಪರೂಪ. ಒಂದು ಬಿರುದಿಗೆ ನಾಲ್ಕಾರು ಮೂಲಗಳನ್ನು ಚರ್ಚಿಸಿ ಯಾವುದನ್ನೂ ಒಪ್ಪದೆ ಮುಂದೆ ಹೋಗುವುದೂ ಉಂಟು. ಕೆಲವರಿಗೆ ಇದು ತಲೆನೋವು, ನನಗೆ ಅದೇ ನಂಬಿಕೆ ಹುಟ್ಟಿಸಿದ್ದು.

ಓದುವುದಾದರೆ 1980ರ ಸಂಪುಟಗಳಿಂದ ಆರಂಭಿಸಬೇಡಿ, ಎರಡನೇ ಪುಟಕ್ಕೇ ಸೋಲುತ್ತೀರಿ. ಮಧ್ಯ ಏಷ್ಯಾದ ಬಗ್ಗೆ 2011ರಲ್ಲಿ ಸಾಮಾನ್ಯ ಓದುಗರಿಗಾಗಿ ಅವರು ಬರೆದ ಚಿಕ್ಕ ಪುಸ್ತಕ ಸಾಕು. ತುರ್ಕಿ ಜನಾಂಗಗಳ ಕುರಿತ 1992ರ ದಪ್ಪ ಗ್ರಂಥವನ್ನು ಬೇಕಾದಾಗ ತೆರೆದು ನೋಡಲು ಇಟ್ಟುಕೊಳ್ಳಿ. ಖಜಾರರಷ್ಟೇ ಬೇಕಿದ್ದರೆ 2007ರಲ್ಲಿ ಅವರು ಇನ್ನಿಬ್ಬರೊಂದಿಗೆ ಸಂಪಾದಿಸಿದ ಲೇಖನ ಸಂಗ್ರಹ ಹುಡುಕಿ. ಅವರದ್ದಲ್ಲದ ದನಿಗಳೂ ಅಲ್ಲಿವೆ.