ಹಿಮ ಸುಟ್ಟುಹೋಗಲಿ, ಮುಖ ಉಳಿಯಲಿ

ಓದುಗರ ಪತ್ರ:
ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ಬಂದ ಚಳಿಗಾಲದ ಯುದ್ಧಗಳ ಲೇಖನ ಚೆನ್ನಾಗಿತ್ತು. ಫೋಟೋಗಳು ಮಾತ್ರ ಬೇಸರ ತಂದವು. ಹೆಪ್ಪುಗಟ್ಟಿದ ಹೆಣ, ಡಬ್ಬಿ ಕೆರೆಯುತ್ತಿರುವ ಸೈನಿಕ, ಬಟ್ಟೆ ಸುತ್ತಿದ ಕಾಲು! ಫಿನ್ಲೆಂಡಿನ ಸ್ಕೀ ಸೈನಿಕರ ಎಷ್ಟೊಂದು ಸುಂದರ ಚಿತ್ರಗಳಿವೆ. ಒಂದನ್ನಾದರೂ ಹಾಕಬಹುದಿತ್ತು. ಸುಂದರ ಚಿತ್ರವೂ ನಿಜವನ್ನೇ ಹೇಳುತ್ತದೆ ಅಲ್ವಾ? ಮನೆಯಲ್ಲಿ ಮಕ್ಕಳೂ ಪತ್ರಿಕೆ ನೋಡುತ್ತಾರೆ. ನಾನು ತೆಗೆದ ಒಂದು ಹಿಮದ ಫೋಟೋ ಜೊತೆಗಿಟ್ಟಿದ್ದೇನೆ.
– ಹವ್ಯಾಸಿ ಫೋಟೋಗ್ರಾಫರ್ ಒಬ್ಬರು

ಸಂಪಾದಕರ ಉತ್ತರ:
ನಿಮ್ಮ ಪತ್ರವನ್ನು ಎರಡು ಸಲ ಓದಿದೆ, ಫೋಟೋವನ್ನು ಅದಕ್ಕಿಂತ ಜಾಸ್ತಿ ಸಲ ನೋಡಿದೆ. ಕೈ ಪಳಗಿದವರ ಕೆಲಸ ಅದು. ಹಾಗಾಗಿ ನಿಮ್ಮ ಹತ್ತಿರ ಸ್ವಲ್ಪ ಬಿಚ್ಚಿಯೇ ಮಾತಾಡುತ್ತೇನೆ.

ಮೊದಲು ಒಪ್ಪಬೇಕಾದ ಮಾತು. ಚೆಂದದ ಚಿತ್ರ ಕಣ್ಣನ್ನು ಹಿಡಿದು ನಿಲ್ಲಿಸುತ್ತದೆ, ಸರಿ. ಫಿನ್ಲೆಂಡಿನ ಸೇನೆ ತನ್ನದೇ ಫೋಟೋಗ್ರಾಫರ್‌ಗಳನ್ನು ಇಟ್ಟುಕೊಂಡಿತ್ತು. ಅವರು ತೆಗೆದ ಸುಮಾರು 1,60,000 ಫೋಟೋಗಳನ್ನು 2013ರಲ್ಲಿ ಎಲ್ಲರಿಗೂ ತೆರೆದಿಟ್ಟರು. ರಾತ್ರಿಯೆಲ್ಲಾ ಕೂತು ನೋಡಿದ್ದೇನೆ. ಬಿಳಿ ಉಡುಪಿನವರು ಬಿಳಿ ಕಾಡಿನಲ್ಲಿ ಸದ್ದಿಲ್ಲದೆ ಜಾರಿ ಹೋಗುವ ಚಿತ್ರಗಳು ಖಂಡಿತ ಚೆಂದ.

ಆದರೆ ಅದೇ ಕಾಡಿನ ಇನ್ನೊಂದು ಚಿತ್ರ ನೋಡಿ. ಸೋವಿಯತ್ ಒಕ್ಕೂಟ ಫಿನ್ಲೆಂಡಿನ ಮೇಲೆ ದಾಳಿ ಮಾಡಿದ್ದ ಕಾಲ. 1940ರ ಜನವರಿ, ಫಿನ್ಲೆಂಡಿನ ಸುವೊಮುಸ್ಸಾಲ್ಮಿ ಹತ್ತಿರದ ರಾಟೆ ರಸ್ತೆ. ಸೋವಿಯತ್ ಸೇನೆಯ 44ನೇ ಡಿವಿಷನ್ ಆ ಒಂದೇ ಕಾಡುದಾರಿಯ ಮೇಲೆ ಉದ್ದಕ್ಕೆ ಸಿಕ್ಕಿಕೊಂಡಿತ್ತು. ಫಿನ್ನರು ಅದನ್ನು ತುಂಡು ತುಂಡಾಗಿ ಕತ್ತರಿಸಿ ಸುತ್ತುವರಿದರು. ಒಂದೊಂದು ತುಂಡಿಗೂ ಅವರು ಇಟ್ಟ ಹೆಸರು ‘ಮೊಟ್ಟಿ’. ಅವರ ಭಾಷೆಯಲ್ಲಿ ಅದು ಒಟ್ಟಿದ ಸೌದೆಯ ಅಳತೆ. ‘ಲೈಫ್’ ಪತ್ರಿಕೆಯ ಕಾರ್ಲ್ ಮೈಡನ್ಸ್ ಆ ಯುದ್ಧಕ್ಕೆ ಹೋಗಿ, ಸತ್ತ ಭಂಗಿಯಲ್ಲೇ ಸೆಟೆದುಹೋದ ಸೈನಿಕರ ಫೋಟೋ ತೆಗೆದರು. ಅವುಗಳನ್ನು ನೋಡಿದ ಮೇಲೆ ಆ ಸೌದೆಯ ಹೆಸರು ಮನಸ್ಸಿನಿಂದ ಹೋಗುವುದಿಲ್ಲ. ಸ್ಕೀ ಚಿತ್ರವೊಂದನ್ನೇ ನೋಡಿದವರಿಗೆ ಆ ಯುದ್ಧ ಒಂದು ಆಟದ ಹಾಗೆ ಕಾಣುತ್ತದೆ.

ಹಿಮದ ಗುಣವೇ ಹಾಗೆ. ಕೆಸರು, ರಕ್ತ, ಸುಟ್ಟ ಲಾರಿ ಎಲ್ಲವನ್ನೂ ಒಂದು ರಾತ್ರಿಯಲ್ಲಿ ಮುಚ್ಚಿಬಿಡುತ್ತದೆ. ಬೆಳಿಗ್ಗೆ ಫೋಟೋಗ್ರಾಫರ್ ಬಂದಾಗ ಹಿನ್ನೆಲೆ ತೊಳೆದಿಟ್ಟ ಹಾಗಿರುತ್ತದೆ.

ಇದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಹಿಮದ ಮೇಲಿನ ನೆರಳು, ಗಾಳಿ ಎಳೆದ ಗೆರೆ, ಹೊಳಪು ಎಲ್ಲಾ ಬರಬೇಕು ಅಂದರೆ ಬೆಳಕು ತಗ್ಗಿಸಬೇಕು. ತಗ್ಗಿಸಿದರೆ ಮುಖ ಕಪ್ಪಾಗುತ್ತದೆ. ಮುಖಕ್ಕೆ ಅಳೆದು ಬೆಳಕು ಬಿಟ್ಟರೆ ಹಿಮ ಬರ್ನ್ ಆಗಿ ಖಾಲಿ ಕಾಗದದ ಹಾಗೆ ಕಾಣುತ್ತದೆ. ಪ್ರಖರ ಬಿಸಿಲಿನಲ್ಲಿ ಎರಡೂ ಒಟ್ಟಿಗೆ ಸಿಗುವುದು ಕಷ್ಟ. ಅಂದರೆ ಆ ಕ್ಷಣದಲ್ಲಿ ಫೋಟೋಗ್ರಾಫರ್ ಆರಿಸಬೇಕು, ಹಿಮವೋ ಮನುಷ್ಯನೋ ಅಂತ. ನೀವು ಹೇಳುವ ಸುಂದರ ಚಿತ್ರಗಳಲ್ಲಿ ಹೆಚ್ಚಿನವು ಹಿಮವನ್ನು ಆರಿಸಿವೆ. ಅವುಗಳಲ್ಲಿ ಸೈನಿಕ ಬರೀ ಕಪ್ಪು ಆಕಾರ. ಹಿಮ ಸುಟ್ಟುಹೋದರೆ ಹೋಗಲಿ, ನನಗೆ ಮುಖ ಬೇಕು.

ನಿಮಗೆ ಬೇಸರ ತಂದ ಆ ಡಬ್ಬಿಯ ಚಿತ್ರಕ್ಕೆ ಬರುತ್ತೇನೆ. 1950ರ ಡಿಸೆಂಬರ್, ಕೊರಿಯಾದ ಚೋಸಿನ್ ಜಲಾಶಯದ ಕಡೆಯಿಂದ ಅಮೆರಿಕದ ಮೆರೀನ್ ಸೈನಿಕರು ಹಿಂದೆ ಸರಿಯುತ್ತಿದ್ದರು. ರಾತ್ರಿಯ ಚಳಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ. ತಾನೂ ಹಿಂದೆ ಮೆರೀನ್ ಆಗಿದ್ದ ಡೇವಿಡ್ ಡಗ್ಲಸ್ ಡಂಕನ್ ಕ್ಯಾಮೆರಾ ಹಿಡಿದು ಜೊತೆಗಿದ್ದರು. ಒಬ್ಬ ಸೈನಿಕ ಡಬ್ಬಿಯಲ್ಲಿ ಕಲ್ಲಾಗಿದ್ದ ಬೀನ್ಸ್‌ನಿಂದ ಒಂದು ಕಾಳನ್ನು ಚಮಚದಲ್ಲಿ ಕೀಳಲು ಒದ್ದಾಡುತ್ತಿದ್ದ. ‘ನಾನು ದೇವರಾಗಿದ್ದರೆ ಕ್ರಿಸ್ಮಸ್‌ಗೆ ಏನು ಕೇಳುತ್ತೀಯ?’ ಅಂತ ಡಂಕನ್ ಕೇಳಿದರು. ಅವನು ಕೆರೆಯುತ್ತಲೇ ಇದ್ದ. ಆಮೇಲೆ ತಲೆ ಎತ್ತಿ, ‘ನಾಳೆಯ ದಿನ ಕೊಡು’ ಅಂದ. ಆ ಚಿತ್ರದಲ್ಲಿ ನೋಡುವಂಥ ಹಿಮವೇ ಇಲ್ಲ. ಗಡ್ಡ, ಡಬ್ಬಿ, ದಪ್ಪ ಟೋಪಿ, ಎಲ್ಲೂ ನಿಲ್ಲದ ಕಣ್ಣು. ಚಳಿ ಹೇಗಿತ್ತು ಅನ್ನೋದು ಅಷ್ಟರಲ್ಲೇ ಗೊತ್ತಾಗುತ್ತದೆ.

ಅದೇ ಬೆಟ್ಟಗಳ ಇನ್ನೊಂದು ಬದಿಯಲ್ಲಿ ಚೀನಾದ ಸೈನಿಕರಿದ್ದರು. ಬೆಚ್ಚಗಿನ ಪ್ರಾಂತ್ಯಗಳಿಂದ ಅವಸರದಲ್ಲಿ ಕಳಿಸಿದ ಪಡೆ ಅದು. ಎಷ್ಟೋ ಜನರ ಕಾಲಲ್ಲಿ ಇದ್ದದ್ದು ಕ್ಯಾನ್ವಾಸ್ ಶೂ. ಸಾವಿರಾರು ಜನ ಚಳಿಗೇ ಸತ್ತರು. ಅವರ ಪಕ್ಕದಲ್ಲಿ ಕೂತು ‘ನಿನಗೇನು ಬೇಕಪ್ಪಾ’ ಅಂತ ಕೇಳಿದ ಫೋಟೋವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಹುಡುಕುತ್ತಲೇ ಇದ್ದೇನೆ.

ರಷ್ಯಾದ ವಿರುದ್ಧ ಬ್ರಿಟಿಷರೂ ಹೋರಾಡಿದ ಕ್ರಿಮಿಯಾ ಯುದ್ಧದ ಕಥೆಯೂ ಹೀಗೆಯೇ. 1854ರ ನವೆಂಬರ್ 14ರ ಬಿರುಗಾಳಿಗೆ ಚಳಿಗಾಲದ ಬಟ್ಟೆ ಹೊತ್ತಿದ್ದ ಹಡಗು ಮುಳುಗಿತು. ಬ್ರಿಟಿಷ್ ಸೈನಿಕರು ಆ ಚಳಿಗಾಲದಲ್ಲಿ ಡೇರೆಗಳಲ್ಲೇ ಸತ್ತರು. ರೋಜರ್ ಫೆಂಟನ್ ಕ್ಯಾಮೆರಾ ತಂದಿಳಿಸಿದ್ದು 1855ರ ಮಾರ್ಚ್‌ನಲ್ಲಿ. ಅವರ ಸುಮಾರು 360 ಫೋಟೋಗಳಲ್ಲಿ ಆ ಘೋರ ಚಳಿಗಾಲವೇ ಇಲ್ಲ.

ಚಳಿಯಲ್ಲಿ ಫೋಟೋ ತೆಗೆಯುವುದು ಸುಲಭ ಅಂತ ನಾನು ಹೇಳುತ್ತಿಲ್ಲ. ಒಮ್ಮೆ ಸಿಯಾಚಿನ್‌ನಲ್ಲಿ ಇದ್ದು ಬಂದ ನಿವೃತ್ತ ಸುಬೇದಾರರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಗೋಡೆಯ ಮೇಲೆ ಹಿಮಶಿಖರದ ದೊಡ್ಡ ಫೋಟೋ ಇತ್ತು. ಎಲ್ಲರೂ ‘ಆಹಾ’ ಅನ್ನುವಂಥದ್ದು. ಅವರು ಸುಮ್ನೆ ನೋಡಿದರು. ‘ಇದನ್ನ ತೆಗೆದವನು ಗ್ಲೌಸ್ ಬಿಚ್ಚಿದ್ದನಾ ಸಾರ್?’ ಅಂದರು. ಅವರ ಬಲಗೈಯ ಎರಡು ಬೆರಳಿಗೆ ತುದಿ ಇರಲಿಲ್ಲ. ಆಮೇಲೆ ಅಲ್ಲಿನ ಕ್ಯಾಮೆರಾ ಪಾಡು ಹೇಳಿದರು. ಬ್ಯಾಟರಿಯನ್ನು ಒಳಜೇಬಿನಲ್ಲಿ ಮೈಗೆ ಒತ್ತಿ ಇಟ್ಟುಕೊಳ್ಳಬೇಕು. ಬೇಗ ಸುತ್ತಿದರೆ ಫಿಲ್ಮ್ ರೋಲ್ ಮುರಿಯುತ್ತಿತ್ತು. ಬೆಚ್ಚಗಿನ ಡೇರೆಯೊಳಗೆ ತಂದ ತಕ್ಷಣ ಲೆನ್ಸ್ ಮೇಲೆ ನೀರು ಕಟ್ಟುತ್ತಿತ್ತು. ಹೋಗುವಾಗ ಇನ್ನೊಮ್ಮೆ ಆ ಫೋಟೋ ನೋಡಿ, ‘ಇದರಲ್ಲಿ ನಮ್ಮವರು ಯಾರೂ ಇಲ್ಲವಲ್ಲ’ ಅಂದರು. ಮರುದಿನವೇ ಅದನ್ನು ಇಳಿಸಿದೆ.

ಸಿಯಾಚಿನ್‌ನಲ್ಲಿ 1984ರಿಂದ ಸೈನಿಕರಿದ್ದಾರೆ. 2003ರ ನವೆಂಬರ್‌ನಿಂದ ಗುಂಡಿನ ಸದ್ದು ನಿಂತಿದೆ, ಸಾವು ನಿಂತಿಲ್ಲ. ಅಲ್ಲಿ ಗುಂಡಿಗಿಂತ ಹವೆ ಮತ್ತು ಎತ್ತರ ಕೊಂದದ್ದೇ ಜಾಸ್ತಿ. 2012ರ ಏಪ್ರಿಲ್‌ನಲ್ಲಿ ಗಯಾರಿಯಲ್ಲಿ ಹಿಮ ಕುಸಿದು ಪಾಕಿಸ್ತಾನದ ಕಡೆಯ 140 ಜನ ಸತ್ತರು. 2016ರ ಫೆಬ್ರವರಿಯಲ್ಲಿ ನಮ್ಮ 10 ಜನ. ಎರಡೂ ಕಡೆ ಹುಡುಕುವವರು ಅಗೆದದ್ದು ಅದೇ ಬಿಳಿ ಹಿಮವನ್ನು.

ಈಗ ನನ್ನ ಹೊಟ್ಟೆಯೊಳಗಿನ ಸಿಟ್ಟನ್ನೂ ಹೇಳಿಬಿಡುತ್ತೇನೆ. ಹಳೆಯ ಯುದ್ಧದ ಫೋಟೋಗೆ ಬಣ್ಣ ಬಳಿಯುತ್ತಾರೆ. ಹಿಮ ಇನ್ನಷ್ಟು ಸುರಿಯುವ ಹಾಗೆ ಮಾಡುತ್ತಾರೆ. ತೆಗೆದವರ ಹೆಸರು, ಊರು, ತಾರೀಖು ಎಲ್ಲಾ ಕತ್ತರಿಸಿ ವಾಲ್‌ಪೇಪರ್ ಮಾಡುತ್ತಾರೆ. ಸತ್ತವನು ಯಾರು ಅಂತ ಕೇಳುವವರಿಲ್ಲ. ತಿದ್ದುವ ಚಾಳಿ ದೊಡ್ಡವರನ್ನೂ ಬಿಟ್ಟಿಲ್ಲ. 1942ರ ಜನವರಿಯಲ್ಲಿ ಕ್ರಿಮಿಯಾದ ಕೆರ್ಚ್‌ನಲ್ಲಿ, ಜರ್ಮನ್ನರು ಕೊಂದವರ ಹೆಣಗಳ ನಡುವೆ ಹೆಂಗಸರು ತಮ್ಮವರನ್ನು ಹುಡುಕುವ ಫೋಟೋವನ್ನು ಸೋವಿಯತ್ ಫೋಟೋಗ್ರಾಫರ್ ದ್ಮಿತ್ರಿ ಬಾಲ್ಟರ್ಮಾಂಟ್ಸ್ ತೆಗೆದರು. ಅದರ ಮೇಲಿನ ಕಾರ್ಮೋಡದ ಆಕಾಶ ಬೇರೆ ನೆಗೆಟಿವ್‌ನಿಂದ ತಂದು ಸೇರಿಸಿದ್ದು. ಆ ಆಕಾಶ ಯಾಕೆ ಬೇಕಿತ್ತು? ಹೆಣದ ಮೇಲೆ ಬಾಗಿದ ಆ ಹೆಂಗಸಿನ ಬೆನ್ನು ಸಾಕಿತ್ತು.

ಹತ್ತಿರ ಹೋಗಿ ತೆಗೆದದ್ದೆಲ್ಲಾ ಒಳ್ಳೆಯದು ಅಂತಲೂ ಅಲ್ಲ. 1890ರ ಡಿಸೆಂಬರ್ 29ರಂದು ಅಮೆರಿಕದ ವೂಂಡೆಡ್ ನೀ ಎಂಬಲ್ಲಿ ಸೇನೆ ಅಲ್ಲಿನ ಮೂಲನಿವಾಸಿಗಳಾದ ಲಕೋಟಾ ಜನರನ್ನು ಕೊಂದಿತು. ಆಮೇಲೆ ಹಿಮಗಾಳಿ ಬೀಸಿತು. ಅವರ ಮುಖಂಡ ಬಿಗ್ ಫುಟ್ ಅರ್ಧ ಎದ್ದ ಭಂಗಿಯಲ್ಲಿ ಹೆಪ್ಪುಗಟ್ಟಿದ್ದರು. ಜಾರ್ಜ್ ಟ್ರೇಗರ್ ಎಂಬ ಫೋಟೋಗ್ರಾಫರ್ ಅದನ್ನು ತೆಗೆದು ಪ್ರತಿಗಳನ್ನು ಮಾರಿದ. ಅಂಥ ಚಿತ್ರವನ್ನು ನಾನು ಎಂದೂ ಬರೀ ಪುಟ ತುಂಬಲು ಹಾಕುವುದಿಲ್ಲ. ಹೆಸರು, ದಿನ, ಕೊಂದವರು ಯಾರು, ಮಾರಿದವರು ಯಾರು, ಇಷ್ಟೂ ಅಡಿಬರಹದಲ್ಲಿ ಇರಲೇಬೇಕು. ಮಕ್ಕಳಿರುವ ಮನೆ ಅಂದಿರಲ್ಲ, ಅವರ ಪಕ್ಕ ಕೂತು ಆ ಅಡಿಬರಹ ಓದಿ ಹೇಳಿ. ಅವರು ಕೇಳುವ ಪ್ರಶ್ನೆಗಳು ನಿಮಗೂ ಇಷ್ಟವಾಗುತ್ತವೆ.

ಇನ್ನು ನಿಮ್ಮ ಫೋಟೋ. ಕಣಿವೆ ದಾರಿಯಲ್ಲಿ ಸಾಲಾಗಿ ನಿಂತು ಹಿಮ ಬಗೆಯುತ್ತಿರುವ ಏಳು ಜನ ಸೈನಿಕರು. ಹಿಮದ ಹೊಳಪು ಅಚ್ಚುಕಟ್ಟಾಗಿ ಬಂದಿದೆ, ಅವರು ಏಳು ಕಪ್ಪು ಚುಕ್ಕಿಗಳಾಗಿದ್ದಾರೆ. ಭೂತಗನ್ನಡಿ ಹಿಡಿದು ನೋಡಿದೆ. ಎಡದಿಂದ ಮೂರನೆಯವನು ಸಲಿಕೆ ಕಂಕುಳಲ್ಲಿ ಇರುಕಿಕೊಂಡು, ಎರಡೂ ಕೈ ಬಾಯಿಯ ಹತ್ತಿರ ತಂದು ಊದಿಕೊಳ್ಳುತ್ತಿದ್ದಾನೆ. ಅವತ್ತು ಅವನ ಹತ್ತಿರ ಹೋಗಿ ತೆಗೆದದ್ದು ಏನಾದರೂ ಇದೆಯಾ? ಅಲುಗಿದ್ದರೂ ಪರವಾಗಿಲ್ಲ, ಹಿಮ ಬರ್ನ್ ಆಗಿದ್ದರೂ ಪರವಾಗಿಲ್ಲ, ಕಳಿಸಿ. ಮುಂದಿನ ಸಂಚಿಕೆಯ ನಡುಪುಟ ಖಾಲಿ ಇಟ್ಟಿರುತ್ತೇನೆ.