ಸೇತುಬಂಧ ಶಿಬಿರವೋ, ಸರ್ಕಾರಿ ಶಾಲೆಯೋ ಎನ್ನುವ ಮೊದಲು ಮುಂಗಡ ಎಷ್ಟೆಂದು ಕೇಳಿ

ವಿದೇಶಿ ನೆರವಿನ ಯೋಜನೆಗೆ ಸೇರಿರುವ ತಾವು, ದುಡಿಯುವ ಮಕ್ಕಳನ್ನು ಮೊದಲು ಸೇತುಬಂಧ ಶಿಬಿರಕ್ಕೆ, ಅಂದರೆ ಶಾಲೆ ತಪ್ಪಿದ ಮಕ್ಕಳನ್ನು ಶಾಲೆಗೆ ಸಜ್ಜುಗೊಳಿಸುವ ತಾತ್ಕಾಲಿಕ ಶಿಬಿರಕ್ಕೆ, ತರಬೇಕೋ, ನೇರವಾಗಿ ಸರ್ಕಾರಿ ಶಾಲೆಗೆ ಸೇರಿಸಬೇಕೋ ಎಂದು ಕೇಳಿದ್ದೀರಿ. 2004ರಲ್ಲಿ ಮಾಗಡಿಯ ರೇಷ್ಮೆ ಕೇರಿಗಳಲ್ಲಿ ಇಂಥದೇ ಯೋಜನೆಯ ಕಾರ್ಯಕರ್ತನಾಗಿ ಓಡಾಡುತ್ತಿದ್ದಾಗ ನನ್ನ ತಲೆಯಲ್ಲಿದ್ದದ್ದೂ ಇದೊಂದೇ ಪ್ರಶ್ನೆ. ಭಾರತದ ರೇಷ್ಮೆ ಉದ್ಯಮದಲ್ಲಿ ಜೀತಕ್ಕಿರುವ ಮಕ್ಕಳ ಬಗ್ಗೆ ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯ ವರದಿ ಹಿಂದಿನ ವರ್ಷವಷ್ಟೇ ಬಂದಿತ್ತು. ಎಷ್ಟು ಮಕ್ಕಳನ್ನು ದಾಖಲಿಸಿದಿರಿ ಎಂದು ಮೇಲಿನವರು ತಿಂಗಳು ತಿಂಗಳೂ ಕೇಳುತ್ತಿದ್ದರು.

ನೂಲು ಬಿಚ್ಚುವ ಘಟಕವೊಂದರಿಂದ ಹನ್ನೊಂದು ವರ್ಷದ ಹುಡುಗಿಯೊಬ್ಬಳನ್ನು ಶಿಬಿರಕ್ಕೆ ಕರೆತಂದೆ. ಬೆಂದ ಗೂಡುಗಳಿಂದ ಎಳೆ ಹುಡುಕಲು ದಿನವಿಡೀ ಬಿಸಿನೀರಿನಲ್ಲಿ ಅದ್ದಿದ್ದ ಆ ಬೆರಳುಗಳ ತುದಿ ಬಿಳುಪೇರಿ ಸಿಪ್ಪೆ ಸುಲಿದಿತ್ತು. ಬಳಪ ಹಿಡಿದರೆ ಉರಿಯುತ್ತದೆಂದು ಅವಳು ಎಡಗೈಯಲ್ಲಿ ಅಕ್ಷರ ತಿದ್ದುತ್ತಿದ್ದಳು. ಮೂರು ವಾರ ಕಳೆದ ಮೇಲೆ ಅದೇ ಘಟಕಕ್ಕೆ ಹೋದರೆ, ಅದೇ ತೊಟ್ಟಿಯ ಮುಂದೆ ಎರಡು ಇಟ್ಟಿಗೆಗಳ ಮೇಲೆ ನಿಂತು ಅವಳ ಎಂಟು ವರ್ಷದ ತಂಗಿ ಗೂಡು ಕೆದಕುತ್ತಿದ್ದಳು. "ದೊಡ್ಡೋಳ್ನ ನೀವ್ ಕರ್ಕೊಂಡ್ ಹೋದ್ರಿ, ದುಡ್ಡು ಯಾರು ತೀರಿಸ್ತಾರೆ ಸಾಮಿ?" ಎಂದು ತಾಯಿ ಕೇಳಿದರು.

ನನ್ನ ತಪ್ಪು ಇದು: ಆ ಮನೆಯವರು ಮಾಲೀಕನಿಂದ ಐದು ಸಾವಿರ ರೂಪಾಯಿ ಮುಂಗಡ ಪಡೆದಿದ್ದರು, ಅದನ್ನು ನಾನು ವಿಚಾರಿಸಲೇ ಇಲ್ಲ. ಹುಡುಗಿಯ ವಯಸ್ಸು, ಜಾತಿ, ತರಗತಿ ಎಲ್ಲವನ್ನೂ ಬರೆದುಕೊಂಡೆ. ಅರ್ಜಿಯಲ್ಲಿ ಸಾಲಕ್ಕೆ ಅಂಕಣವಿರಲಿಲ್ಲ, ಆದ್ದರಿಂದ ನನಗೂ ಅದು ಕಾಣಲಿಲ್ಲ. ಮುಂಗಡವೆಂಬುದು ಸಂಬಳದಲ್ಲಿ ಕರಗುವ ಹಣವಲ್ಲ. ಮಗು ಎಷ್ಟು ವರ್ಷ ದುಡಿದರೂ ಅದು ಹಾಗೆಯೇ ನಿಂತಿರುತ್ತದೆ, ಬಿಟ್ಟುಹೋಗುವುದಾದರೆ ಒಂದೇ ಗಂಟಿನಲ್ಲಿ ಕಟ್ಟಬೇಕು. ಆ ಸಾಲ ಒಬ್ಬ ಹುಡುಗಿಯ ಮೇಲಲ್ಲ, ಇಡೀ ಮನೆಯ ಮೇಲಿತ್ತು. ನಾನು ಒಬ್ಬಳನ್ನು ಎಬ್ಬಿಸಿದ ಜಾಗದಲ್ಲಿ ಇನ್ನೊಬ್ಬಳನ್ನು ನಿಲ್ಲಿಸಿದ್ದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ ಪ್ರಕಾರ ಇಂಥ ಸಾಲ ಕಾನೂನಿನ ಕಣ್ಣಿನಲ್ಲಿ ಇಲ್ಲವೇ ಇಲ್ಲ, ಅದನ್ನು ವಸೂಲಿ ಮಾಡುವುದೇ ಅಪರಾಧ ಎಂಬುದು ನನಗೆ ಗೊತ್ತಾಗಿ, ಉಪವಿಭಾಗಾಧಿಕಾರಿಗಳ ಕಚೇರಿಯಿಂದ ಜೀತಮುಕ್ತರೆಂದು ಹೇಳುವ ಬಿಡುಗಡೆ ಪತ್ರ ಕೈಗೆ ಬರುವುದರೊಳಗೆ ಏಳು ತಿಂಗಳು ಕಳೆದಿತ್ತು. ಅಷ್ಟರಲ್ಲಿ ದೊಡ್ಡವಳು ಯಾರಿಗೂ ಹೇಳದೆ ಶಿಬಿರ ಬಿಟ್ಟು ತೊಟ್ಟಿಯ ಮುಂದೆ ನಿಂತು, ತಂಗಿಯನ್ನು ಮನೆಗೆ ಕಳಿಸಿದ್ದಳು. ತಂಗಿ ಶಾಲೆಗೆ ಸೇರಿದಳು. ಅಕ್ಕ ಮತ್ತೆ ಬರಲೇ ಇಲ್ಲ.

ಆದ್ದರಿಂದ ನಿಮ್ಮ ಪ್ರಶ್ನೆಯೇ ಸರಿಯಿಲ್ಲವೆಂದು ನನಗೆ ಅನಿಸುತ್ತದೆ. ಶಿಬಿರವೋ ಶಾಲೆಯೋ ಎಂಬುದನ್ನು 2009ರ ಶಿಕ್ಷಣ ಹಕ್ಕು ಕಾಯ್ದೆ ತೀರ್ಮಾನಿಸಿಯಾಗಿದೆ: ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿ, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಆದರೆ ಮನೆಯ ಲೆಕ್ಕ ನೋಡದೆ ಮಗುವನ್ನು ಕೆಲಸದಿಂದ ಎಬ್ಬಿಸಿದರೆ ಏನಾಗುತ್ತದೆಂದು ತಿಳಿಯಲು ಬಾಂಗ್ಲಾದೇಶದ ಸಿದ್ಧ ಉಡುಪು ಕಾರ್ಖಾನೆಗಳನ್ನು ನೋಡಿ. ಮಕ್ಕಳು ದುಡಿದು ತಯಾರಿಸಿದ ವಸ್ತುಗಳ ಆಮದನ್ನು ತಡೆಯುವ ಅಮೆರಿಕದ ಮಸೂದೆಗೆ ಹೆದರಿ ಮಾಲೀಕರು ಹೊರಹಾಕಿದ ಮಕ್ಕಳಲ್ಲಿ ಎಷ್ಟೋ ಮಂದಿ ಕಲ್ಲು ಒಡೆಯುವಂಥ ಇನ್ನೂ ಕಠಿಣ ಕೆಲಸಕ್ಕೆ ಬಿದ್ದರು. 1995ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ (ಐಎಲ್ಒ), ವಿಶ್ವಸಂಸ್ಥೆಯ ಮಕ್ಕಳ ನಿಧಿಯಾದ ಯುನಿಸೆಫ್ ಮತ್ತು ಉಡುಪು ತಯಾರಕರು ಒಪ್ಪಂದ ಮಾಡಿಕೊಂಡು ಶಾಲೆಯ ಜೊತೆಗೆ ತಿಂಗಳಿಗೆ 300 ಟಾಕಾ ಕೊಡತೊಡಗಿದ ಮೇಲೆಯೇ ಮನೆಯ ಲೆಕ್ಕಕ್ಕೆ ಏನಾದರೂ ದಾರಿಯಾಯಿತು. ಭಾರತ 2017ರಲ್ಲಿ ಅನುಮೋದಿಸಿದ ಐಎಲ್ಒದ 182ನೇ ಒಡಂಬಡಿಕೆಯೂ ಸಾಲದ ಜೀತವನ್ನು ಬಾಲಕಾರ್ಮಿಕತೆಯ ಅತ್ಯಂತ ಕೆಟ್ಟ ರೂಪಗಳ ಸಾಲಿನಲ್ಲಿಟ್ಟಿದೆ.

ನಾಳೆ ಯಾವ ಮನೆಗೆ ಹೋದರೂ ಮುಂಗಡದ ಮೊತ್ತ, ಕೊಟ್ಟವರು, ಕೊಟ್ಟ ವರ್ಷ, ಮನೆಯಲ್ಲಿರುವ ಎಲ್ಲ ಮಕ್ಕಳ ವಯಸ್ಸು, ಇಷ್ಟನ್ನು ತಂದೆತಾಯಿಯರ ಎದುರಿನಲ್ಲೇ ಬರೆದುಕೊಳ್ಳಿ. ಬಿಡುಗಡೆ ಪತ್ರಕ್ಕೆ ಅರ್ಜಿ ಕೊಟ್ಟ ಸ್ವೀಕೃತಿ ಕೈಯಲ್ಲಿರಲಿ. ಎಲ್ಲಕ್ಕಿಂತ ಮೊದಲು, ಚಿಕ್ಕ ಮಗು ಎಲ್ಲಿದೆ ಎಂದು ಕೇಳಿ.