ಫೆಲ್ಟ್ ಹೃದಯದ ತೋರಣಕ್ಕೆ ಗ್ಲೂ ಗನ್ ಬೇಡ

ನಿಮ್ಮ ಫೋಟೋ ನೋಡಿ ಸುಮ್ನೆ ಇರಲು ಆಗಲಿಲ್ಲ. ಫೆಬ್ರವರಿ 14ಕ್ಕೆ ಕಿಟಕಿಗೆ ಕಟ್ಟಲು ಕೆಂಪು ಫೆಲ್ಟ್ (ನೇಯದೆ ಒತ್ತಿ ಮಾಡಿದ ಮೆತ್ತನೆ ಬಟ್ಟೆ) ಹೃದಯಗಳು. ಅಂಚಿಗೆಲ್ಲ ಗ್ಲೂ ಗನ್ನಿನ ಬಿಸಿ ಅಂಟು, ದಾರವೂ ಹಿಂದೆ ಅಂಟಿಸಿದ್ದು. ಅಂಚು ಸುಕ್ಕುಗಟ್ಟುತ್ತಿದೆ, ಇದಕ್ಕಿಂತ ಒಳ್ಳೆಯ ಗ್ಲೂ ಸ್ಟಿಕ್ ಯಾವುದು ಎಂದು ಕೇಳಿದ್ದೀರಿ. ಯಾವುದೂ ಬೇಡ. ಮೊದಲು ಗನ್ನಿನ ಪ್ಲಗ್ ಕಿತ್ತು ಪಕ್ಕಕ್ಕಿಡಿ.

ನಾನೂ ಇದನ್ನೇ ಮಾಡಿದ್ದೆ. ನಾಲ್ಕು ವರ್ಷದ ಹಿಂದೆ ಒಂದು ಸಣ್ಣ ಕೆಫೆಯವರು 36 ಹೃದಯದ ತೋರಣ ಕೇಳಿದರು. ಒಂದೇ ರಾತ್ರಿಯಲ್ಲಿ ಅಂಟಿಸಿ ಮುಗಿಸಿದೆ. ಹೊಲಿಯುತ್ತಾ ಕೂರುವವರೆಲ್ಲ ದಡ್ಡರು ಎಂದುಕೊಂಡೆ. ಅವರದು ಪಶ್ಚಿಮಕ್ಕೆ ಗಾಜಿನ ಕಿಟಕಿ. ಎರಡನೇ ದಿನ ಮಧ್ಯಾಹ್ನ ಫೋನು, "ಮೇಡಂ, ನಿಮ್ಮ ಹೃದಯ ಒಂದೊಂದೇ ಉದುರುತ್ತಿದೆ." ಹೋಗಿ ನೋಡಿದರೆ ದಾರ ಮಾತ್ರ ನೇತಾಡುತ್ತಿತ್ತು. ಉದುರಿದ ಹೃದಯಗಳು ಬಾಯಿ ಬಿಟ್ಟುಕೊಂಡು ಹತ್ತಿ ಕಾರುತ್ತಿದ್ದವು. ದುಡ್ಡು ವಾಪಸ್ ಕೊಟ್ಟೆ, ಮತ್ತೇನು ಮಾಡುವುದು?

ಗನ್ನಿಗೆ ಹಾಕುವ ಗ್ಲೂ ಸ್ಟಿಕ್ ಎಂದರೆ ಬಿಸಿಗೆ ಕರಗುವ ಪ್ಲಾಸ್ಟಿಕ್. ಬಿಸಿಲು ಹೊಡೆಯುವ ಗಾಜಿನ ಹಿಂದೆ ಮತ್ತೆ ಮೆತ್ತಗಾಗುತ್ತದೆ. ನಮ್ಮ ಅಂಗಡಿಗಳ ಎ4 ಫೆಲ್ಟ್ ಹಾಳೆಯೂ ಉಣ್ಣೆಯದಲ್ಲ, ಹೆಚ್ಚಾಗಿ ಪಾಲಿಯೆಸ್ಟರ್ ಇಲ್ಲವೇ ಅಕ್ರಿಲಿಕ್. ಹೈ ಟೆಂಪರೇಚರ್ ಗನ್ನಿನ ಅಂಟು 190 ಡಿಗ್ರಿ ಆಸುಪಾಸು ಇರುತ್ತದೆ. 1 ಮಿ.ಮೀ. ಹಾಳೆ ಸುಕ್ಕಾಗದೆ ಇನ್ನೇನಾದೀತು? ಇಸ್ತ್ರಿ ಹಾಕಿ ಸರಿ ಮಾಡುತ್ತೇನೆ ಎಂದು ಹೊರಡಬೇಡಿ, ಅದೂ ಅದೇ ಕಥೆ. ತೀರಾ ಬೇಕಾದರೆ ಕಡಿಮೆ ಬಿಸಿ, ಮೇಲೊಂದು ಹತ್ತಿ ಬಟ್ಟೆ.

ಹೊಲಿಯಿರಿ. ಆ್ಯಂಕರ್ ಕಸೂತಿ ದಾರ, ಆರು ಎಳೆಯಲ್ಲಿ ಎರಡೇ ಎಳೆ, ಬ್ಲಾಂಕೆಟ್ ಸ್ಟಿಚ್ (ಎರಡು ಪದರದ ಅಂಚನ್ನು ಸುತ್ತಿ ಹಿಡಿಯುವ ಹೊಲಿಗೆ). ಮೂರು ಎಳೆ ಹಾಕಿದರೆ ಹಾಳೆಯಲ್ಲಿ ತೂತು ದೊಡ್ಡದಾಗಿ ಕಾಣುತ್ತದೆ. ಬೆಂಗಳೂರಿನ ಚಿಕ್ಕಪೇಟೆಯಲ್ಲಿ ಕಟ್ಟುಗಟ್ಟಲೆ ಅಗ್ಗದ ದಾರ ಸಿಗುತ್ತದೆ ನಿಜ. ಆದರೆ ಕೆಂಪು ದಾರ ಕೊಂಡರೆ ಒಂದು ತುಂಡನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ, ಬಣ್ಣ ಬಿಡುತ್ತದೆಯೋ ಅಂತ. ಬಿಳಿ ಫೆಲ್ಟಿನ ಮೇಲೆ ಬಣ್ಣ ಇಳಿದರೆ ಹೋಯಿತು.

ಹೊಲಿಗೆಯನ್ನು ಹೃದಯದ ಕೆಳ ತುದಿಯಿಂದಲೂ ಶುರು ಮಾಡಬೇಡಿ, ಮೇಲಿನ ಸಂದಿಯಿಂದಲೂ ಬೇಡ. ಪಕ್ಕದ ನೇರ ಅಂಚಿನ ನಡುವಿನಿಂದ ಶುರು ಮಾಡಿ ಸುತ್ತಿ ಬನ್ನಿ, ಒಂದೂವರೆ ಇಂಚು ಬಿಡಿ. ಹತ್ತಿ ತುಂಬುವ ಬಾಯಿ ಅಲ್ಲೇ ಇರಬೇಕು. ಮೇಲಿನ ಗುಂಡು ಭಾಗದಲ್ಲಿ ಬಾಯಿ ಬಿಟ್ಟರೆ ಮುಚ್ಚುವಾಗ ಆಕಾರ ಕೆಡುತ್ತದೆ. ಸಂದಿಯಲ್ಲಿ ಒಂದೇ ಜಾಗಕ್ಕೆ ಎರಡು ಸಲ ಸೂಜಿ ಹಾಕಿ, ಹರಿಯುವುದು ಅಲ್ಲೇ. ತುಂಬುವಾಗ ಮೊದಲು ತುದಿಗೆ, ಪೆನ್ಸಿಲಿನ ಹಿಂಬದಿಯಿಂದ ಚಿಟಿಕೆ ಚಿಟಿಕೆ ತಳ್ಳಿ. ಆಮೇಲೆ ಎರಡು ಗುಂಡು, ಕೊನೆಗೆ ಹೊಟ್ಟೆ. ದಿಂಬಿಗೆ ಹಾಕುವ ಫೈಬರ್ ಒಳ್ಳೆಯದು. ನೀವು ಹಾಕಿದ ಅರಳೆ ಉಂಡೆ ಕಟ್ಟುತ್ತದೆ, ಹೊರಗಿಂದಲೇ ಗಂಟು ಕಾಣುತ್ತದೆ. ಗಟ್ಟಿಯಾಗಿ ತುರುಕಬೇಡಿ, ಹೃದಯ ಹೋಗಿ ಬೋಂಡಾ ಆಗುತ್ತದೆ.

ಬಾಲ್‌ಪೆನ್ನಿನಲ್ಲಿ ಗೆರೆ ಎಳೆದಿದ್ದೀರಿ ಅಲ್ವಾ? ಅಂಚಿನಲ್ಲಿ ನೀಲಿ ಕಾಣುತ್ತಿದೆ. ಬಟರ್ ಪೇಪರಿನಲ್ಲಿ ಅಚ್ಚು ಮಾಡಿ, ಗುಂಡುಪಿನ್ನಿನಿಂದ ಸಿಕ್ಕಿಸಿ ಕತ್ತರಿಸಿ. ಕಡು ಬಣ್ಣಕ್ಕೆ ಒಣಗಿದ ಸೋಪಿನ ಚೂರು ಸಾಕು, ಟೈಲರ್‌ಗಳು ಮಾಡುವ ಹಾಗೆ. ಎರಡೂ ಪದರ ಒಟ್ಟಿಗೆ ಹಿಡಿದು ಕತ್ತರಿಸಿದರೆ ಕೆಳಗಿನದು ಜಾರುತ್ತದೆ, ಒಂದೊಂದೇ ಕತ್ತರಿಸಿ. ದಯವಿಟ್ಟು ಆ ಕತ್ತರಿಯಲ್ಲಿ ಪೇಪರ್ ಕತ್ತರಿಸಬೇಡಿ. ನಮ್ಮ ಮನೆಯಲ್ಲಿ ಹಾಲಿನ ಪ್ಯಾಕೆಟ್ ಕತ್ತರಿಸಿದವರ ಜೊತೆ ನಾನು ಎರಡು ದಿನ ಮಾತಾಡಲಿಲ್ಲ.

ಇನ್ನು ದಾರ. ಉದ್ದ ತೋರಣ ಮಾಡುವುದಾದರೆ ಸಂದಿಯಲ್ಲಿ ಒಂದೇ ಕಡೆ ಪೋಣಿಸಿದರೆ ಗಾಳಿಗೆ ಹೃದಯ ತಿರುಗಿ ಬೆನ್ನು ತೋರಿಸುತ್ತದೆ. ಎರಡು ಗುಂಡುಗಳ ಮೂಲಕವೂ ಅಡ್ಡಡ್ಡ ಸೂಜಿ ದಾಟಿಸಿ, ಆಗ ನೆಟ್ಟಗೆ ನಿಲ್ಲುತ್ತದೆ. ಮಾವಿನೆಲೆ ತೋರಣಕ್ಕೆ ಕಡ್ಡಿ ಚುಚ್ಚಿ ಮಡಚುತ್ತೇವಲ್ಲ, ಎಲೆ ತಿರುಗದೆ ಇರುವುದು ಅದರಿಂದಲೇ.

ಅಂಟು ಬೇಡವೇ ಬೇಡ ಎಂದಲ್ಲ. ಉಳಿದ ಚೂರಿನಲ್ಲಿ ಮೂರು ಇಂಚಿನ ವೃತ್ತ ಕತ್ತರಿಸಿ, ಅದನ್ನು ಚಕ್ಕುಲಿಯ ಹಾಗೆ ಸುರುಳಿ ಕತ್ತರಿಸಿ, ಹೊರಗಿನ ತುದಿಯಿಂದ ಸುತ್ತಿದರೆ ಗುಲಾಬಿ ಆಗುತ್ತದೆ. ಅದರ ಬುಡಕ್ಕೆ ಮಾತ್ರ ಫ್ಯಾಬ್ರಿಕ್ ಗ್ಲೂ, ಒಂದೇ ಚುಕ್ಕೆ. ಬಿಳಿ ಫೆವಿಕಾಲ್ ಮರಕ್ಕೆ, ಪೇಪರಿಗೆ ಸರಿ. ಫೆಲ್ಟ್ ಅದನ್ನು ಹೀರಿಕೊಂಡು ರೊಟ್ಟಿಯ ಹಾಗೆ ಬಿರುಸಾಗುತ್ತದೆ.

ಮಾಡಿದ ಹೃದಯಗಳನ್ನು ಎಸೆಯಬೇಡಿ. ಅಂಟಿರುವ ಅಂಚನ್ನು ಅರ್ಧ ಇಂಚು ಒಳಗೆ ಕತ್ತರಿಸಿ ತೆಗೆದು, ಅರಳೆ ಹಿಂಜಿ ಅರ್ಧ ಮಾತ್ರ ವಾಪಸ್ ತುಂಬಿ ಹೊಲಿಯಿರಿ. ಸ್ವಲ್ಪ ಸಣ್ಣದಾಗುತ್ತವೆ, ಆದರೆ ಉದುರುವುದಿಲ್ಲ. ಮೊದಲು ಒಂದನ್ನು ಮುಗಿಸಿ ಫೋಟೋ ಹಾಕಿ, ಹಿಂಬದಿಯದ್ದೂ.